ಗಿಡುಗ ಪಡೆಯ ದಂಡನಾಯಕ

"ಈ ವರ್ಷ ಒಂದು ಮರಿಯ ಕೂದಲೂ ಕೊಂಕಲ್ಲ. ಕೊಂಕಿದ್ರೆ ನನ್ನ ಹೆಸರು ಜೆನೊನ್ ಅಲ್ಲ!"

"ಮರಿಗೆ ಕೂದಲೆಲ್ಲಿರುತ್ರೀ? ಪುಕ್ಕ ಅನ್ನಿ," ಎಂದಳು ಹೆಂಡತಿ ಬೊಜೆನಾ, ಕಡುಬಿನ ಹಿಟ್ಟು ನಾದುತ್ತಾ. ದಂಡನಾಯಕರ ಮೊದಲ ಭಾಷಣಕ್ಕೆ ಸಿಕ್ಕ ಸ್ವಾಗತ ಇಷ್ಟೇ!

ಲುಬ್ಲಿನ್ ನಗರದ ಆ ಹನ್ನೊಂದು ಮಹಡಿಯ ಕಟ್ಟಡದ ತಾರಸಿಯಲ್ಲಿ ಗಿಡುಗದ ಜೋಡಿಯೊಂದು ಸಂಸಾರ ಹೂಡಿ ಈ ವರ್ಷ ಮೂರು ಮರಿ ಮಾಡಿತ್ತು. ಗೂಡಿನ ಎದುರು ಕ್ಯಾಮೆರಾ ಇಟ್ಟ ಮೇಲೆ ನಿವಾಸಿಗಳೆಲ್ಲ ಧಾರಾವಾಹಿಗಳನ್ನೇ ಮರೆತಿದ್ದರು. ಹೋದ ವರ್ಷ ಹಾರಲು ಕಲಿಯುತ್ತಿದ್ದ ಮರಿಯೊಂದು ಬಸ್ಸಿನಡಿ ಸಿಕ್ಕಾಗ ಇಡೀ ಕಟ್ಟಡವೇ ಅತ್ತಿತ್ತು. ಜೆನೊನ್ ಅಂತೂ ಸ್ವಂತ ಚಿಕ್ಕಪ್ಪ ಸತ್ತಾಗಲೂ ಅಷ್ಟು ಅತ್ತವನಲ್ಲ. ಅದಕ್ಕೇ ಈ ವರ್ಷ ನಿವಾಸಿಗಳದೇ ಒಂದು ಗಿಡುಗ ಪಡೆ ಹುಟ್ಟಿತು, ಅದಕ್ಕೆ ಅವನೇ ನಾಯಕನಾದ.

ನಾಯಕರ ಅಪ್ಪಣೆ ಸರಳವಾಗಿತ್ತು. "ನೆಲದ ಮೇಲೆ ಮರಿ ಕಂಡ್ರೆ ಯೋಚನೆ ಬೇಡ, ಪ್ರಶ್ನೆ ಬೇಡ! ಮುಚ್ಚಿ, ಎತ್ತಿ, ಲಿಫ್ಟಲ್ಲಿ ತಗೊಂಡು ಹೋಗಿ ತಾರಸಿಗೆ ಬಿಡಿ!"

ಆಯುಧಗಳಿಗೇನೂ ಬರವಿರಲಿಲ್ಲ. ಕಾಡಿಗೆ ಹೋಗಿ ಅಣಬೆ ಕೀಳುವ ಬುಟ್ಟಿ ಇಲ್ಲದ ಮನೆ ಆ ಊರಲ್ಲಿ ಎಲ್ಲಿದೆ? ಎರಡನೇ ಮಹಡಿಯ ಯಾದ್ವಿಗಾ ಅಜ್ಜಿಯಂತೂ ಈಸ್ಟರ್ ಹಬ್ಬಕ್ಕೆ ಮೊಟ್ಟೆ, ಸಾಸೇಜು ತುಂಬಿ ಚರ್ಚಿನಲ್ಲಿ ಮಂತ್ರಿಸಿಕೊಂಡು ಬರುವ ಪವಿತ್ರ ಬುಟ್ಟಿಯನ್ನೇ, ಲೇಸಿನ ಬಟ್ಟೆ ಸಮೇತ, ಹಿಡಿದು ನಿಂತಳು.

ಶನಿವಾರ ಬೆಳಿಗ್ಗೆ ಮೊದಲ ಗೆಲುವು ಅವಳದೇ. "ನಾಯಕರೇ, ಒಂದು ಸಿಕ್ತು! ಮೇಲೆ ಬಿಟ್ಟು ಬಂದೆ!" ಸ್ವಲ್ಪ ಹೊತ್ತಿಗೆ ನೆರೆಮನೆಯ ಹೆನ್ರಿಕ್ ಇನ್ನೊಂದನ್ನು ತಂದ. ಆಮೇಲೆ ಮತ್ತೆ ಅಜ್ಜಿ. ಮತ್ತೆ ಹೆನ್ರಿಕ್. ಮಧ್ಯಾಹ್ನದ ಹೊತ್ತಿಗೆ ಐದನೇ ಮರಿಯ ರಕ್ಷಣೆಯಾಯಿತು. ಆಗ ಜೆನೊನ್‌ಗೆ ತಲೆ ಕೆಟ್ಟಿತು.

"ಬೊಜೆನಾ, ಗೂಡಲ್ಲಿ ಹುಟ್ಟಿದ್ದು ಮೂರು. ನಾವು ಎತ್ತಿದ್ದು ಐದು. ಕ್ಯಾಮೆರಾದಲ್ಲಿ ಕಾಣ್ತಿರೋದು ಎರಡು! ಈ ಲೆಕ್ಕ ನಿನಗೇನಾದ್ರೂ ಹತ್ತುತ್ತಾ?"

"ನಿಮ್ಮ ಪಡೆ, ನಿಮ್ಮ ಲೆಕ್ಕ. ನನ್ನನ್ಯಾಕೆ ಕೇಳ್ತೀರಿ?"

"ಬೇರೆ ಊರಿನ ಗಿಡುಗ ತನ್ನ ಮರಿಗಳನ್ನ ಇಲ್ಲಿ ತಂದು ಬಿಟ್ಟಿರಬೇಕು!"

"ಹೌದ್ಹೌದು. ರಜಕ್ಕೆ ಅಜ್ಜಿ ಮನೆಗೆ ಬಂದಿರ್ತವೆ."

ಜೆನೊನ್‌ಗೆ ನಗು ಬರಲಿಲ್ಲ. ಲೆಕ್ಕ ಹಾಳಾಗಿ ಹೋಗಲಿ, ಮೂರನೇ ಮರಿ ಎಲ್ಲಿ? ಕೆಳಗೆ ರಸ್ತೆಯಲ್ಲಿ ಬಸ್ಸಿನ ಸದ್ದು ಕೇಳಿದಾಗಲೆಲ್ಲ ಅವನು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದ. ಇನ್ನು ತಡೆಯಲಾರದೆ, ಕಡುಬು ಬಸಿಯುವ ತೂತಿನ ಪಾತ್ರೆಯನ್ನು ತಲೆಗೆ ಕವುಚಿಕೊಂಡು ಲಿಫ್ಟಿಗೆ ಓಡಿದ.

"ರೀ, ನಾನು ಕಡುಬು ಯಾವುದ್ರಲ್ಲಿ ಬಸೀಲಿ?" ಎಂಬ ಕೂಗು ಹಿಂದೆಯೇ ಉಳಿಯಿತು.

ತಾರಸಿಯಲ್ಲಿ ಎಷ್ಟು ಎಣಿಸಿದರೂ ಎರಡೇ ಮರಿ! ಮೂಲೆ ಮೂಲೆ ಹುಡುಕುವಷ್ಟರಲ್ಲಿ ತಾಯಿ ಗಿಡುಗ ಆಕಾಶದಿಂದ ಎರಗಿ ಪಾತ್ರೆಯ ಮೇಲೆ ಠಣ್ಣೆಂದು ಬಾರಿಸಿತು. ಜೆನೊನ್ ಬಿದ್ದೆನೋ ಎದ್ದೆನೋ ಎಂದು ಬಾಗಿಲಿಗೆ ಓಡಿದ. ಬಾಗಿಲು ಗಾಳಿಗೆ ಬಡಿದು ಮುಚ್ಚಿಕೊಂಡಿತ್ತು. ಬೀಗದಕೈ ಒಳಗಡೆಯೇ ನೇತಾಡುತ್ತಿತ್ತು. ನೀರಿನ ಪೈಪಿನ ಹಿಂದೆ ಮುದುಡಿ ಕುಳಿತಾಗಲೇ ಕೆಳಗಿನಿಂದ ಬೊಜೆನಾಳ ಫೋನು ಬಂತು.

"ರೀ, ಪಕ್ಷಿಗಳ ಡಾಕ್ಟ್ರಮ್ಮ ಎವೆಲಿನಾ ಬಂದಿದಾರೆ. ನಿಮ್ಮ ಮೂರನೇ ಮರಿ ಇಲ್ಲೇ ಹುಲ್ಲಿನ ಮೇಲೆ ಕೂತಿದೆ."

"ಬದುಕಿದೆಯಾ?" ಎಂದ ಜೆನೊನ್.

"ಗುಂಡುಕಲ್ಲಿನ ಹಾಗಿದೆ! ಐದು ಮರಿ ಅಲ್ವಂತೆ ಕಣ್ರಿ. ಒಂದೇ ಮರಿ, ಐದು ಸಲ! ಬೆಳಗಿಂದ ಅದು ಚೆಂದಾಗಿ ಹಾರ್ಕೊಂಡು ಇಳೀತಿದೆ, ನಿಮ್ಮ ಪಡೆ ಅದನ್ನ ಲಿಫ್ಟಲ್ಲಿ ಕೂರಿಸಿ ವಾಪಸ್ ಕಳಿಸ್ತಿದೆ. ಕಾಲಲ್ಲಿ ನಂಬರಿನ ಬಳೆ ಇದೆಯಲ್ಲ, ಒಬ್ರಾದ್ರೂ ನೋಡಿದ್ರಾ ಅಂತ ಡಾಕ್ಟ್ರಮ್ಮ ಎಲ್ಲರಿಗೂ ಮಂಗಳಾರತಿ ಮಾಡ್ತಿದಾರೆ. ಯಾದ್ವಿಗಾ ಅಜ್ಜಿ ಆರನೇ ಸಲ ಬುಟ್ಟಿ ಹಿಡ್ಕೊಂಡು ಓಡಿದ್ರು, ಈಗ ತಾನೇ ಹಿಡಿದು ನಿಲ್ಲಿಸಿದ್ದಾಯ್ತು."

ಪೈಪಿನ ಹಿಂದೆ ಜೆನೊನ್ ಕಣ್ಣೊರೆಸಿಕೊಂಡ. ಮರಿ ಉಳಿಯಿತು! ಅದರ ಮುಂದೆ ಮಾನ ಯಾವ ಲೆಕ್ಕ?

"ಗಾಯ ಆಗದಿದ್ರೆ, ರಸ್ತೇಲಿ ಇಲ್ಲದಿದ್ರೆ, ಮುಟ್ಟಲೇಬಾರದಂತೆ," ಬೊಜೆನಾ ಮುಂದುವರಿಸಿದಳು. "ಸುಮ್ನೆ ಬಿಟ್ರೆ ತಾನೇ ದಾರಿ ಕಂಡ್ಕೊಳ್ಳುತ್ತಂತೆ. ಹಸಿವಾದ್ರೆ ಕೂಗುತ್ತಂತೆ, ಅದರ ಅಮ್ಮನೇ ಬಂದು ತಿನ್ನಿಸುತ್ತಂತೆ. ಅದಿರ್ಲಿ, ನೀವೆಲ್ಲಿದೀರಿ?"

"ತಾರಸೀಲಿ ಕಣೇ! ಬಾಗಿಲು ಹಾಕ್ಕೊಂಡುಬಿಟ್ಟಿದೆ. ಗಿಡುಗ ಮೇಲೇ ಸುತ್ತುತಿದೆ. ಬೇಗ ಬಂದು ತೆಗಿಯೇ!"



"ಗಾಯ ಏನಾದ್ರೂ ಆಗಿದೆಯಾ?"

"ಇಲ್ಲ!"

"ಕೂಗೋಕೆ ಗಂಟಲಿದೆಯಾ?"

"ಕೇಳಿಸ್ತಿಲ್ವೇನೇ!"

"ಹಾಗಾದ್ರೆ ಮುಟ್ಟಬಾರದು ರೀ. ಹಸಿವಾದ್ರೆ ಹೇಳಿ, ನಿಮ್ಮ ಅಮ್ಮನಿಗೆ ಫೋನ್ ಮಾಡ್ತೀನಿ."