ನರಸಯ್ಯನ ತಲೆಯ ಮೇಲಿನ ಗೂಡು

ಸಿಂಧಘಟ್ಟದ ಅರ್ಧ ಮಕ್ಕಳು ಮಲಗಿ ಬೆಳೆದದ್ದು ಬಡಗಿ ನರಸಯ್ಯ ಮಾಡಿದ ತೊಟ್ಟಿಲಲ್ಲಿ. ಈಗ ಅವನ ಮಗಳು ಚೆಲುವಮ್ಮನೇ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು, ಮನೆಯಲ್ಲಿ ತೊಟ್ಟಿಲಿಗೆ ಒಂದು ತುಂಡು ಹಲಗೆಯಿರಲಿಲ್ಲ. ಒಣಗಿದ ಮರವೆಲ್ಲ ಪಟ್ಟಣದ ಕೋಟೆಯ ಫಿರಂಗಿ ಗಾಡಿಗಳಿಗೆ ಹೋಗಿಬಿಟ್ಟಿತ್ತು.

"ಊರೋರ ಮಕ್ಳಿಗೆಲ್ಲ ತೊಟ್ಲು, ನನ್ನ ಮೊಮ್ಮಗೀಗೆ ಮೊರ," ಎಂದಳು ಹೆಂಡತಿ ಸುಬ್ಬಮ್ಮ.

ಕೆರೆ ಏರಿಯ ಹುಣಸೆಮರದಲ್ಲಿ ಒಂದು ಒಣಕೊಂಬೆಯೇನೋ ಇತ್ತು. ಅದರ ಮೇಲೆ ಕೊಕ್ಕರೆ ಜೋಡಿಯೊಂದು ಗೂಡು ಹೂಡಿತ್ತು. ಕೊಕ್ಕರೆಗಳೆಂದರೆ ತವರಿಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳೆಂದೇ ಊರಿನ ಲೆಕ್ಕ. ಮರಿ ಹಾರುವ ಮುಂಚೆ ಗೂಡಿದ್ದ ಮರ ಕಡಿದವನಿಗೆ ಸುಗ್ಗಿಯಲ್ಲಿ ಊರು ಅಳೆದುಕೊಡುವ ಕಣದ ರಾಗಿ ಸಿಗುತ್ತಿರಲಿಲ್ಲ. ಬಡಗಿಗೆ ವರ್ಷದ ಊಟವೇ ಆ ರಾಗಿ.

ಇನ್ನೂ ಮೊಟ್ಟೆಯಿಟ್ಟಿಲ್ಲ, ಗೂಡನ್ನು ಪಕ್ಕದ ಕೊಂಬೆಗೆ ಸರಿಸಿದರಾಯಿತು ಎಂದುಕೊಂಡು ನರಸಯ್ಯ ನಸುಕಿನಲ್ಲೇ ಮರ ಹತ್ತಿದ. ಎರಡು ಕೈಯೂ ಕೊಂಬೆ ಹಿಡಿಯಲು ಬೇಕಾದ್ದರಿಂದ ಗೂಡನ್ನು ತಲೆಯ ಮೇಲಿಟ್ಟುಕೊಂಡ. ಅದು ಮದುವೆ ಗಂಡಿನ ಪೇಟದಂತೆ ಕಿವಿಯವರೆಗೂ ಇಳಿದು ಕೂತಿತು. ಕೊಕ್ಕರೆಗಳು ಮೇಲೆ ಸುತ್ತುತ್ತಾ ಅವನ ಬೆನ್ನಿಗೆ ಸುಣ್ಣ ಬಳಿದವು.

ಅಷ್ಟರಲ್ಲಿ ಚೊಂಬು ಹಿಡಿದು ಏರಿಯ ಕಡೆ ಬಂದ ಊರಗೌಡ ಕೆಂಪಣ್ಣ ತಲೆಯೆತ್ತಿದ.

"ಯಾರ್ಲಾ ಅದು ಮ್ಯಾಲೆ?"

"ನಾನೇ ಗೌಡ್ರೆ, ನರಸಯ್ಯ. ಗೂಡು ಜಾರ್ತಿತ್ತು, ಬಿದ್ದೋಯ್ತದೆ ಅಂತ ಇಡ್ಕೊಂಡಿವ್ನಿ."

"ತಲೇಲಿ ಇಡ್ಕೊತಾರೇನ್ಲಾ?"

"ಕೈಲಿ ಮರ ಐತಲ್ಲ ಗೌಡ್ರೆ."

ಗೌಡ ಚೊಂಬು ಅಲ್ಲೇ ಇಟ್ಟು ಊರನ್ನು ಕೂಗಿ ಕರೆದ. ಬಂದವರೆಲ್ಲ ಕೆಳಗಿನಿಂದ ಬುದ್ಧಿ ಹೇಳತೊಡಗಿದರು. ಒಬ್ಬ ಎಡಕ್ಕೆ ಇಡು ಎಂದರೆ ಇನ್ನೊಬ್ಬ ಬಲಕ್ಕೆ ಎಂದ. ಹಸೆಮಣೆಯ ಹಾಗೆ ಮೂಡಲ ಮುಖವಾಗಿಡಬೇಕೆಂದಳು ಮುದುಕಿ ದ್ಯಾವಮ್ಮ. ಕೊನೆಗೆ ನರಸಯ್ಯ ಗೂಡನ್ನು ಒಂದು ಕವಲಿನಲ್ಲಿ ಕೂರಿಸಿ, ಜಾರದಂತೆ ತನ್ನ ರುಮಾಲಿನಿಂದಲೇ ಬಿಗಿದು, ಬೋಳುತಲೆಯಲ್ಲಿ ಇಳಿದ.

ಗೌಡನ ಕಣ್ಣು ಒದ್ದೆಯಾಗಿತ್ತು. ಮರಿ ಹಾರುವವರೆಗೂ ಊರ ಕೊಕ್ಕರೆಗಳಿಗೂ ಆ ಹುಣಸೆಗೂ ನರಸಯ್ಯನೇ ಕಾವಲು ಎಂದು ಸಾರಿದ. ಆಮೇಲೆ ಹೆಗಲ ಮೇಲೆ ಕೈ ಹಾಕಿ, "ನನ್ನ ಹೊಲದ ಬದೀಲಿ ಒಂದು ಒಣಬೇವು ನಿಂತೈತಲ್ಲ, ಅದನ್ನ ಕುಯ್ಕೊ. ಚೆಲುವಿ ತೊಟ್ಲಿಗಾಯ್ತದೆ," ಎಂದ.

ನರಸಯ್ಯ ಓಡಿಹೋಗಿ ಗರಗಸ ತಂದ. ಊರು ಹಿಂದೆಯೇ ಹೊರಟಿತು.

ಹೊಲದ ಬದಿಗೆ ಹೋಗಿ ನೋಡಿದರೆ, ಬೇವಿನ ತುದಿಯಲ್ಲಿ ಅವೇ ಎರಡು ಕೊಕ್ಕರೆ. ಮನುಷ್ಯರ ತಲೆಯ ಎಣ್ಣೆ ನಾರುವ ಗೂಡು ಅವಕ್ಕೆ ಬೇಡವಾಗಿತ್ತು. ಗಂಡು ಆಗಲೇ ಎರಡನೆಯ ಕಡ್ಡಿ ತಂದು ಹೆಣ್ಣಿನ ಮುಂದೆ ಇಡುತ್ತಿತ್ತು.

ಗೌಡ ಮೇಲೆ ನೋಡಿದ, ಗರಗಸ ನೋಡಿದ. "ನೀನೇ ಹೇಳಪ್ಪ. ಕಾವಲಿರೋನು ನೀನು. ಕುಯ್ಬೋದಾ?"

ಊರೆಲ್ಲ ಅವನ ಬಾಯನ್ನೇ ನೋಡುತ್ತಿತ್ತು. ನರಸಯ್ಯನಿಗೆ ಕಣದ ರಾಗಿಯ ರಾಶಿ ಕಣ್ಣ ಮುಂದೆ ಬಂತು.

"ಮುಟ್ಟಂಗಿಲ್ಲ ಗೌಡ್ರೆ," ಎಂದ.

ಸಂಜೆ ಸುಬ್ಬಮ್ಮ ನೀರು ತಂದಾಗ ಮನೆಗೆ ಬಾಗಿಲಿರಲಿಲ್ಲ. ಅದು ನಾಲ್ಕು ಹಲಗೆಯಾಗಿ ಜಗಲಿಯ ಮೇಲೆ ಬಿದ್ದಿತ್ತು. ಅವಳು ಬಾಯಿ ತೆರೆಯುವ ಮುಂಚೆಯೇ, ಆ ದಾರಿಯಲ್ಲಿ ಬಂದ ಗೌಡ, "ಒಳ್ಳೇದೇ ಆಯ್ತು ಬುಡವ್ವ. ರಾತ್ರಿ ಮರಿ ಬಿದ್ರೆ ಇವನಿಗೆ ಬೇಗ ಕೇಳ್ತದೆ," ಎಂದು ಹೋದ.

ಬೇವಿನ ತುದಿಯಲ್ಲಿ ಮೂರು ಮರಿ ಕತ್ತು ಚಾಚುವ ಹೊತ್ತಿಗೆ, ನರಸಯ್ಯನ ಮನೆಯ ತೊಟ್ಟಿಲಲ್ಲಿ ಹಳೆಯ ಬಾಗಿಲ ಅಗುಳಿಯ ತೂತಿನಿಂದ ಒಂದು ಪುಟ್ಟ ಕಾಲು ಆಚೆ ಬಂದು ಆಡುತ್ತಿತ್ತು.