ಆಂಪ್ಲಿಫೈಯರಿಗೆ ನನ್ನ ಅಭಿರುಚಿ ಏಕೆ ಬೇಕು?

ನನಗೆ ಸಿಟ್ಟು ಬರುವುದು ಕಡಿಮೆ. ಬಂದರೂ ಅದು ನನ್ನ ಬಾಯಿಗೆ ತಲುಪುವಷ್ಟರಲ್ಲಿ ಎದುರಿನವರು ಬಸ್ಸು ಹತ್ತಿ ಹೋಗಿರುತ್ತಾರೆ. ಆದರೆ ಈ ಎರಡು ವಾರಗಳಿಂದ ಒಂದು ಸಿಟ್ಟನ್ನು ಆರಗೊಡದೆ ಇಟ್ಟುಕೊಂಡಿದ್ದೇನೆ. ಕಾರಣ, ಹುಬ್ಬಳ್ಳಿಯ ಅಂಗಡಿಯವನೊಬ್ಬ ಕೇಳಿದ ಪ್ರಶ್ನೆ: “ಎಂಥಾ ಹಾಡ ಕೇಳ್ತೀರಿ ಕಾಕಾ?”

ನಾನು ಹೋದದ್ದು ಆಂಪ್ಲಿಫೈಯರ್ ಕೊಳ್ಳಲು. ಟೇಪ್ ರೆಕಾರ್ಡರಿನ ಸಣ್ಣ ದನಿಯನ್ನು ದೊಡ್ಡದು ಮಾಡಿ ಸ್ಪೀಕರಿಗೆ ಒಪ್ಪಿಸುವುದಷ್ಟೇ ಅದರ ಕೆಲಸ. ಅದಕ್ಕೆ ನನ್ನ ಅಭಿರುಚಿ ಕಟ್ಟಿಕೊಂಡು ಏನಾಗಬೇಕು? ಕನ್ನಡಕದ ಅಂಗಡಿಯಲ್ಲಿ ಯಾವ ಕಾದಂಬರಿ ಓದುತ್ತೀರಿ ಎಂದು ಯಾರೂ ಕೇಳಿದ್ದಿಲ್ಲ. ಈತ ಮಾತ್ರ ಹೆಣ್ಣು ನೋಡಲು ಬಂದವರ ಗೋತ್ರ ವಿಚಾರಿಸುವಂತೆ ವಿಚಾರಿಸಿದ. ಭಜನೆಯವರಿಗೆ ಒಂದು, ಸಿನಿಮಾ ಹಾಡಿನವರಿಗೆ ಒಂದು, ಎದೆ ಗುದ್ದುವ ತಾಳ ಬೇಕಾದವರಿಗೆ ಮತ್ತೊಂದು ಎಂದು ಸಾಲಾಗಿ ತೋರಿಸಿದ. ನಾನು ಗಂಟಲು ಸರಿಮಾಡಿಕೊಂಡು, ಶಾಸ್ತ್ರೀಯ, ಅದೂ ಬರೀ ಗಾಯನ ಎಂದೆ. ಧಾರವಾಡದ ಕಡೆಯವನು ಈ ವಯಸ್ಸಿನಲ್ಲಿ ಬೇರೆ ಏನು ಹೇಳಿದರೂ ಮರ್ಯಾದೆ ಉಳಿಯುವುದಿಲ್ಲ.

ನಿಜ ಬೇರೆ ಇತ್ತು. ನನ್ನ ಹೆಂಡತಿ ಶಾರದಾ ಹೋಗಿ ಹನ್ನೊಂದು ತಿಂಗಳಾಯಿತು. ಫೋಟೊಗಳು ಬೇಕಾದಷ್ಟಿವೆ. ಅವಳ ದನಿಯನ್ನು ಫೋನಿನಲ್ಲಿ ಹಿಡಿದಿಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಅದು ಉಳಿದಿರುವುದು ನನ್ನ ಹಳೆಯ ಕ್ಯಾಸೆಟ್ಟುಗಳಲ್ಲಿ ಮಾತ್ರ, ಅದೂ ತಪ್ಪಿನಿಂದ. ಒಂದು ಕಾಲಕ್ಕೆ ನವನಗರದ ನಮ್ಮ ಮನೆಯಲ್ಲಿ ಪ್ರತಿ ರವಿವಾರ ಹಾಡಿನ ಬೈಠಕ್ ನಡೆಯುತ್ತಿತ್ತು. ಮುಗದ ಎಂಬ ಹಳ್ಳಿಯಿಂದ ಮಾಸ್ತರರೊಬ್ಬರು ಬಂದು ಹಾಡುತ್ತಿದ್ದರು, ನಾನು ರೆಕಾರ್ಡ್ ಮಾಡುತ್ತಿದ್ದೆ. ಪಡಸಾಲೆಯಲ್ಲಿ ಪ್ಲಗ್ ಇದ್ದದ್ದು ಒಂದೇ, ಅದೂ ಅಡುಗೆಮನೆಯ ಬಾಗಿಲ ಪಕ್ಕ. ಹೀಗಾಗಿ ನನ್ನ ಕ್ಯಾಸೆಟ್ಟುಗಳಲ್ಲಿ ಮಾಸ್ತರರು ದೂರ, ಸೌಟು ಹತ್ತಿರ. ರಾಗ ಈಗಷ್ಟೇ ಕಣ್ಣು ಬಿಡುತ್ತಿದೆ ಎನ್ನುವಾಗ ಶಾರದಾ ಬಾಗಿಲಿಗೆ ಬಂದು ಕೇಳುತ್ತಾಳೆ: “ಅಲ್ರೀ, ಚಹಾ ಎಷ್ಟ ಮಂದಿಗೆ ಇಡಲಿ?” ಬೈಠಕ್ ಚೆನ್ನಾಗಿತ್ತು, ರೆಕಾರ್ಡಿಂಗ್ ನಮ್ಮಾಕಿ ಕೆಡಿಸಿದಳು ಎಂದು ಬಂದವರೆದುರು ನಾನು ಎಷ್ಟು ವರ್ಷ ಹೇಳಿಕೊಂಡೆನೋ.

ಹಳೆಯ ಆಂಪ್ಲಿಫೈಯರ್ ಬಾಯಿ ಮುಚ್ಚಿದ್ದರಿಂದಲೇ ನಾನು ಟೇಪ್ ರೆಕಾರ್ಡರನ್ನೂ ಒಂದು ಕ್ಯಾಸೆಟ್ಟನ್ನೂ ಚೀಲದಲ್ಲಿಟ್ಟುಕೊಂಡು ಹುಬ್ಬಳ್ಳಿಗೆ ಹೋದದ್ದು. ಅಂಗಡಿಯವನು ಜೋಡಿಸಿ ಹಚ್ಚಿದ. ಮಾಸ್ತರರು ಹಾಡಿದರು. ಆಮೇಲೆ ಆ ದೊಡ್ಡ ಸ್ಪೀಕರುಗಳಿಂದ ಚಹಾದ ಪ್ರಶ್ನೆ ಇಡೀ ಅಂಗಡಿಗೆ ಕೇಳಿಸಿತು. ಅವನು ಮುಖ ಹಿಂಡಿ, ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ, ಒಂದು ಗುಂಡಿ ತಿರುಗಿಸಿ ಮತ್ತೆ ಹಚ್ಚಿದ.

“ಗದ್ದಲ ಭಾಳ ಐತ್ರಿ ಇದರಾಗ. ಈಗ ನೋಡ್ರಿ, ಹೆಂಗ ಸ್ವಚ್ಛ ಆತು. ನಿಮ್ಮ ಹಾಡಿಗೆ ಇದ ಛಲೋ.”

ಮಾಸ್ತರರು ಮುಂದೆ ಬಂದು ಕೂತರು. ಶಾರದಾ, ಯಾರೋ ಬಾಗಿಲು ಎಳೆದುಕೊಂಡಂತೆ, ಒಳಗೆ ಹೋಗಿಬಿಟ್ಟಳು. ಜೀವನದಲ್ಲಿ ಮೊದಲ ಸಲ ನನ್ನ ಸಿಟ್ಟು ಹೊತ್ತಿಗೆ ಸರಿಯಾಗಿ ಬಂತು.

“ಆ ಗದ್ದಲಕ್ಕ ಒಂದು ಆಂಪ್ಲಿಫೈಯರ್ ಕೊಡ್ರಿ,” ಅಂದೆ. “ಅದು ನಮ್ಮ ಮನಿಯಾಕಿ.”

ಅವನು ಗುಂಡಿಯ ಮೇಲಿನ ಕೈ ತೆಗೆದ. ಬಗ್ಗಿ ಕೆಳಗಿನ ಕಪಾಟಿನಿಂದ ದೂಳು ಹಿಡಿದ ಒಂದನ್ನು ತೆಗೆದ. ದನಿ ಹೆಚ್ಚು ಕಡಿಮೆ ಮಾಡುವುದೊಂದು ಬಿಟ್ಟರೆ ಅದಕ್ಕೆ ಬೇರೆ ಗುಂಡಿಯೇ ಇರಲಿಲ್ಲ. “ಇದು ಏನೂ ಮುಚ್ಚಿಡೂದಿಲ್ರಿ ಕಾಕಾ,” ಎಂದ.

ಮನೆಗೆ ತಂದು ಹಚ್ಚಿದೆ. ಅವನು ಸುಳ್ಳು ಹೇಳಿರಲಿಲ್ಲ. ಚಹಾದ ಪಾತ್ರೆಯ ಮೇಲೆ ತಾಟು ಮುಚ್ಚಿದ್ದು ಕೂಡ ಕೇಳಿತು. ಶಾರದಾ ನನ್ನ ಹೆಗಲ ಹಿಂದೆಯೇ ನಿಂತಂತೆ ಅದೇ ಪ್ರಶ್ನೆ ಕೇಳಿದಳು. ಅದರ ಬೆನ್ನಿಗೇ, ಎಲ್ಲಕ್ಕಿಂತ ಚೂಪಾಗಿ, “ಶ್!” ಎಂದು ಒಂದು ಸದ್ದು.

ಅದು ಯಾರೆಂದು ತಿಳಿಯಲು ಎರಡನೇ ಸಲ ಕೇಳಬೇಕಾಗಲಿಲ್ಲ. ರೆಕಾರ್ಡರಿಗೆ ಅಂಟಿಕೊಂಡು ಕೂತವನು ನಾನೊಬ್ಬನೇ. ಹಳೆಯ ಆಂಪ್ಲಿಫೈಯರ್ ಇಷ್ಟು ವರ್ಷ ಆ ಸದ್ದನ್ನು ನುಂಗಿ ನನ್ನ ಮರ್ಯಾದೆ ಕಾಯ್ದಿತ್ತು. ಒಂದೊಂದೇ ಕ್ಯಾಸೆಟ್ ಹಚ್ಚಿ ನೋಡಿದೆ. ಎಲ್ಲದರಲ್ಲೂ ಅವಳು ಕೇಳುತ್ತಾಳೆ, ನಾನು ಶ್ ಅನ್ನುತ್ತೇನೆ, ಅವಳು ಮತ್ತೆ ಕೇಳುವುದಿಲ್ಲ. ಆದರೂ ಒಂದು ರವಿವಾರವೂ ನಮ್ಮಲ್ಲಿ ಚಹಾ ಒಬ್ಬರಿಗೆ ಕಡಿಮೆ ಬಿದ್ದ ನೆನಪಿಲ್ಲ.

ಅಂಗಡಿಯವನು ಅಭಿರುಚಿ ಕೇಳಿದ್ದು ತಪ್ಪೆಂದೇ ಈಗಲೂ ನನ್ನ ವಾದ. ಆದರೆ ಕ್ಯಾಸೆಟ್ ಆ ಜಾಗಕ್ಕೆ ಬಂದಾಗಲೆಲ್ಲ, ಆ ಒಂದು ಸದ್ದನ್ನಷ್ಟೇ ತಗ್ಗಿಸೋಣವೆಂದು ನನ್ನ ಕೈ ತಾನಾಗಿಯೇ ಗುಂಡಿ ಹುಡುಕುತ್ತದೆ. ಗುಂಡಿಯಿಲ್ಲದ್ದನ್ನು ಸಿಟ್ಟು ಮಾಡಿ ತೆಗೆಸಿ ತಂದವನು ನಾನೇ.