ತಡ್ಕೊ ಮೇಷ್ಟ್ರ ಒಂದು ಲೀಟರ್ ನೀರು

ಗಣಿತದ ಮೇಷ್ಟ್ರಿಗೆ ಮಕ್ಕಳಿಟ್ಟ ಹೆಸರು ತಡ್ಕೊ ಮೇಷ್ಟ್ರು. ಮೂವತ್ತು ವರ್ಷಗಳಿಂದ ಯಾವ ಮಗು ಕಿರುಬೆರಳೆತ್ತಿದರೂ ಅವರ ಬಾಯಿಂದ ಬರುತ್ತಿದ್ದುದು ಅದೊಂದೇ ಮಾತು. ಅಂಥವರು ಆ ಬೆಳಿಗ್ಗೆ ಒಂದೇ ಪಿರಿಯಡ್ಡಿನಲ್ಲಿ ನಾಲ್ಕು ಸಲ ಹೊರಗೆ ಓಡಿದರು. ನಾಲ್ಕನೇ ಸಲ ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ "ತಡ್ಕೊ" ಎಂದರು. ಮೇಷ್ಟ್ರಿಗೆ ಕಿವಿಯವರೆಗೂ ಬಿಸಿಯಾಯಿತು.

ಸ್ಟಾಫ್ ರೂಮಿನಲ್ಲಿ ಡ್ರಿಲ್ ಮೇಷ್ಟ್ರು ಇಡೀ ಮೈದಾನಕ್ಕೆ ಕೇಳುವ ದನಿಯಲ್ಲಿ, "ಉರಿ ಇನ್ನೂ ಹೋಗಿಲ್ವಾ ಸಾರ್? ನಾನು ಕೊಟ್ಟ ಮಾತ್ರೆ ಏನಾಯ್ತು?" ಎಂದರು. ಹೊಲಿಗೆ ಟೀಚರ್ ಸೂಜಿ ನಿಲ್ಲಿಸಿ ತಲೆಯೆತ್ತಿದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು ಮೇಷ್ಟ್ರಿಗೆ. ಬೇಡವೆಂದರೂ ಬಿಡದೆ ಡ್ರಿಲ್ ಮೇಷ್ಟ್ರು ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಒಂದು ಗುಂಡಿಯನ್ನೂ ತಪ್ಪಿಸದೆ ಆಸ್ಪತ್ರೆಗೆ ಒಯ್ದರು.

"ಯಾವ ಮಾತ್ರೆ ನುಂಗಿದ್ರಿ?" ಎಂದು ಡಾಕ್ಟರು ಕೇಳಿದರು.

"ನಂದೇ ಡಾಕ್ಟ್ರೇ! ಹಲ್ಲುನೋವಿಗೆ ತಂದಿದ್ದು, ಸ್ವಲ್ಪ ಉಳಿದಿತ್ತು," ಎಂದರು ಡ್ರಿಲ್ ಮೇಷ್ಟ್ರು ಹೆಮ್ಮೆಯಿಂದ.

"ಮೂತ್ರಕೋಶದಲ್ಲೂ ನಮ್ಮ ಪರವಾಗಿರೋ ಸೂಕ್ಷ್ಮಜೀವಿಗಳು ಇರ್ತವೆ ಸ್ವಾಮಿ. ಆ ಆಂಟಿಬಯೋಟಿಕ್ ನುಂಗಿ ನೀವು ಅವನ್ನ ಒಕ್ಕಲೆಬ್ಬಿಸಿದೀರಿ. ಖಾಲಿ ಮನೇಲಿ ಪುಂಡರು ಬಂದು ಕೂತಿದಾರೆ. ಗಂಟೆಗಟ್ಟಲೆ ತಡ್ಕೊಳ್ಳೋ ಚಾಳಿ ಬೇರೆ ಇದೆಯಾ?"

ಮೇಷ್ಟ್ರು ನೆಲ ನೋಡಿದರು. ಡಾಕ್ಟರು ಸ್ಕ್ಯಾನಿಂಗಿಗೆ ಬರೆದುಕೊಟ್ಟರು.

ಸ್ಕ್ಯಾನಿಂಗ್ ರೂಮಿನ ಹೆಂಗಸು ಒಂದು ಲೀಟರಿನ ಬಾಟಲಿ ಕೈಗಿತ್ತು, "ಎಲ್ಲಾ ಕುಡೀರಿ ಸರ್. ಮೂತ್ರಕೋಶ ತುಂಬೋವರೆಗೂ ತಡ್ಕೊಳ್ಳಿ," ಎಂದಳು. ಆ ಕಣ್ಣು ನೋಡಿ ಮೇಷ್ಟ್ರು ಬೆಚ್ಚಿದರು. ನಾಲ್ಕನೇ ಕ್ಲಾಸು, ಎರಡನೇ ಬೆಂಚು. ಮೂರು ಸಲ ಕಿರುಬೆರಳೆತ್ತಿದ ಹುಡುಗಿ. ಆಮೇಲೆ ಬೆಂಚಿನ ಕೆಳಗೆ ಹರಿದ ನೀರು. ಕ್ಲಾಸೆಲ್ಲ ನಕ್ಕಿತ್ತು. ಅವರೂ ನಕ್ಕಿದ್ದರು.

ಅರ್ಧ ಗಂಟೆ ಕಾಲಮೇಲೆ ಕಾಲು ಹಾಕಿ ಕೂತರು. ಆಮೇಲೆ, ಹೊರಗಿನ ಹಾಲಿನಲ್ಲಿ, ಆರು ಜನರೆದುರು, ಕುರ್ಚಿಯಲ್ಲೇ ಆಗಬಾರದ್ದು ಆಗಿಹೋಯಿತು. ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡರು.

ತಣ್ಣಗೆ ಏನೋ ತೊಡೆಯ ಮೇಲೆ ಸುರಿಯಿತು. ಅವಳು ಖಾಲಿ ಜಗ್ ಹಿಡಿದು ನಿಂತಿದ್ದಳು. "ಅಯ್ಯೋ, ಕೈಜಾರಿತು! ಸರ್ ಬಟ್ಟೆಯೆಲ್ಲ ನೆನೆಸಿಬಿಟ್ಟೆ!"

"ಕಣ್ಣು ಕಾಣಲ್ವೇನ್ರೀ?" ಎಂದು ಡ್ರಿಲ್ ಮೇಷ್ಟ್ರು ಗದರಿದರು. ಯಾರೂ ನಗಲಿಲ್ಲ.

ಗಣಿತದ ಮೇಷ್ಟ್ರು ಕೈಜೋಡಿಸಿದರು. "ತಾಯೀ, ಆವತ್ತು ನಾನು..."

"ಇರ್ಲಿ ಬಿಡಿ ಸರ್," ಎಂದು ಅವಳು ಮತ್ತೊಂದು ತುಂಬಿದ ಬಾಟಲಿ ಮುಂದಿಟ್ಟಳು. "ಈಗ ಮೊದಲಿಂದ ಕುಡೀಬೇಕು."

ಮೇಷ್ಟ್ರು ತಲೆತಗ್ಗಿಸಿ ಕುಡಿದರು. ಇಪ್ಪತ್ತು ನಿಮಿಷಕ್ಕೆ ಅವರ ಕಿರುಬೆರಳು ತಾನಾಗಿ ಮೇಲೆದ್ದಿತು.

ಅವಳು ಗಡಿಯಾರ ನೋಡಿದಳು.

"ತಡ್ಕೊಳ್ಳಿ ಸರ್."